ನಮ್ಮ ಕಡೆ ನೇಕಾರರು ಒಂದೇ ಒಂದು ಮಶಿನ್ ಯಾಕೆ ಒಡೀಲಿಲ್ಲ?

ಗುಂಡಿಮಗ್ಗದ_ಮೊಮ್ಮಗ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಉಂಟು, ಬೇಜಾರ್ ಮಾಡ್ಬೇಡಿ.

ನಮ್ಮ ಮನೆ ಮಂಗಳೂರು ಕಡೆಯ ಕಿನ್ನಿಗೋಳಿ ಹತ್ರ. ಅಜ್ಜ ಸೀರೆ ನೇಯ್ತಿದ್ರು, ಅಜ್ಜಿ ನೂಲು ಸುತ್ತಿ ಕೊಡ್ತಿದ್ರು. ಚಾವಡಿ ಪಕ್ಕದ ಕೋಣೆಯಲ್ಲಿ ಮಗ್ಗದ ಗುಂಡಿ (ನೇಯುವವರು ಕಾಲು ಇಳಿಸಿ ಕೂರುವುದು) ಈಗ್ಲೂ ಉಂಟು, ಅದಕ್ಕೆ ಹಲಗೆ ಮುಚ್ಚಿ ಮೇಲೆ ಇನ್ವರ್ಟರ್ ಬ್ಯಾಟರಿ ಇಟ್ಟಿದ್ದೇವೆ. ಕಳೆದ ವಾರ ಹಲಗೆ ಕುಂಬಾಗಿದೆ ಅಂತ ತೆಗ್ದು ನೋಡಿದ್ರೆ ಕೆಳಗೆ ಕಾಲುಗಂಟಿನವರೆಗೆ ಒಸರು ನೀರು, ಎರಡು ಕಪ್ಪೆ, ಮತ್ತೆ ಒಂದು ಲಾಳಿ. ಮರ ಕಪ್ಪಾಗಿದೆ, ತುದಿಯ ಕಬ್ಬಿಣ ತುಕ್ಕು ಹಿಡಿದು ಉದುರ್ತಾ ಉಂಟು, ಆದ್ರೆ ಒಳಗೆ ನೂಲಿನ ಕಡ್ಡಿ ಕೂರುವ ಜಾಗ ಮಾತ್ರ ಬೆರಳು ಹಾಕಿದ್ರೆ ಇನ್ನೂ ನುಣುಪು.

ಅದೇ ರಾತ್ರಿ ಮೊಬೈಲಲ್ಲಿ ಇಂಗ್ಲೆಂಡಿನ ಲುಡ್ಡೈಟ್‌ಗಳ ಬಗ್ಗೆ ಒಂದು ವಿಡಿಯೋ ಬಂತು, ಮಶಿನ್ ಬಂದು ಹೊಟ್ಟೆಗೆ ಕಲ್ಲು ಬಿತ್ತು ಅಂತ ಬಟ್ಟೆ ಕೆಲಸದವರೆಲ್ಲ ಸುತ್ತಿಗೆ ಹಿಡ್ಕೊಂಡು ರಾತ್ರಿ ಹೋಗಿ ಪುಡಿ ಮಾಡಿದ್ರಂತೆ. ಆಗ ನನಗೆ ಬಂದ ಪ್ರಶ್ನೆ ಇಷ್ಟೇ. ಅವರು ಒಡೆದ್ರು, ನಮ್ಮವರು ಯಾಕೆ ಒಡೀಲಿಲ್ಲ? ನಮ್ಮ ಕಡೆ ಶೆಟ್ಟಿಗಾರರ ಮನೆಮನೆಯಲ್ಲಿ ಮಗ್ಗ ಇತ್ತಂತೆ, ಎಲ್ಲ ಒಂದು ಗಲಾಟೆ ಇಲ್ಲದೆ ನಿಂತು ಹೋಯ್ತಾ? ಅಜ್ಜಿ ಹತ್ರ ಕೇಳಿದೆ, "ಒಡೀಲಿಕ್ಕೆ ಎಂತ ಇತ್ತು ಮಗ, ಮಗ್ಗ ನಮ್ದೇ ಅಲ್ವಾ" ಅಂತ ಹೇಳಿ ಟಿವಿ ಸೌಂಡ್ ಜಾಸ್ತಿ ಮಾಡಿದ್ರು. ಇಲ್ಲಿ ಯಾರಿಗಾದ್ರೂ ಗೊತ್ತುಂಟಾ?

ಗರ್ನಾಲ್

ನಮ್ಮವರು ಒಡೆಯುವುದು ತೆಂಗಿನಕಾಯಿ ಮಾತ್ರ ಮಾರಾಯ್ರೇ, ಅದೂ ಮಶಿನಿಗೆ ಆಯುಧಪೂಜೆ ಮಾಡ್ಲಿಕ್ಕೆ 😂

ಸೀರಿಯಸ್ಸಾಗಿ ಹೇಳುದಾದ್ರೆ ಬ್ರಿಟಿಷರು ನೇಕಾರರ ಹೆಬ್ಬೆರಳು ಕಡಿದು ಹಾಕಿದ್ದರಲ್ಲ, ಸುತ್ತಿಗೆ ಹಿಡೀಲಿಕ್ಕೆ ಬೆರಳು ಬೇಡ್ವಾ.

ರಿಟೈರ್ಡ್_ಮೇಷ್ಟ್ರು_ಉಡುಪಿ

ಹೆಬ್ಬೆರಳಿನ ಕತೆ ಮೊದಲು ಮುಗಿಸಿ ಬಿಡುವ, ಮೂವತ್ತು ವರ್ಷ ಕ್ಲಾಸಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ವಿಲಿಯಂ ಬೋಲ್ಟ್ಸ್ ಅಂತ ಒಬ್ಬ, ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲೇ ಇದ್ದು ಆಮೇಲೆ ಅದರ ಜೊತೆ ಜಗಳ ಮಾಡ್ಕೊಂಡವ, ಅವನು 1772ರಲ್ಲಿ ಬರೆದದ್ದು ಬೇರೆಯೇ ಉಂಟು. ಬಂಗಾಳದಲ್ಲಿ ಕಚ್ಚಾ ರೇಷ್ಮೆ ಸುತ್ತುವವರು, ಬಲವಂತದಿಂದ ಆ ಕೆಲಸಕ್ಕೆ ಹಚ್ಚುವುದು ಬೇಡ ಅಂತ, ತಮ್ಮ ಹೆಬ್ಬೆರಳನ್ನು ತಾವೇ ಕಡ್ಕೊಂಡದ್ದುಂಟು ಅಂತ ಅವನು ಹೇಳಿದ್ದು. ನೇಯುವವರಲ್ಲ, ರೇಷ್ಮೆ ಸುತ್ತುವವರು. ಯಾರೋ ಕಡಿದದ್ದಲ್ಲ, ತಾವೇ. ನನಗೆ ಕೇಳಿದ್ರೆ ಇದು ಆ ಪುಕಾರಿನ ಕತೆಗಿಂತ ಹೆಚ್ಚು ಭಯಂಕರ.

ಇನ್ನು ಪ್ರಶ್ನೆಗೆ ಬರುವ. ನಿಮ್ಮ ಅಜ್ಜಿ ಟಿವಿ ಸೌಂಡ್ ಜಾಸ್ತಿ ಮಾಡುವ ಮೊದಲೇ ಅರ್ಧ ಉತ್ತರ ಕೊಟ್ಟಾಗಿದೆ, ನೀವು ಗಮನಿಸ್ಲಿಲ್ಲ.

ನಾಟಿಂಗ್‌ಹ್ಯಾಮ್ ಕಡೆ ಕಾಲುಚೀಲ ಹೆಣೆಯುವ ಫ್ರೇಮ್ ಅಂತ ಇತ್ತು, ಅದು ಹೊಸತೇನಲ್ಲ, ವಿಲಿಯಂ ಲೀ 1589ರಲ್ಲಿ ಮಾಡಿದ್ದು. ಅಂದ್ರೆ 1811ರಲ್ಲಿ ಗಲಾಟೆ ಸುರುವಾಗುವಾಗ ಅಲ್ಲಿನವರಿಗೆ ಆ ಮಶಿನ್ ಇನ್ನೂರು ವರ್ಷದ ನೆಂಟ, ಅದನ್ನು ಕಂಡು ಹೆದರಿದ್ರು ಅನ್ನುದು ಶುದ್ಧ ಸುಳ್ಳು. ಆದ್ರೆ ಫ್ರೇಮ್ ಹೆಚ್ಚಿನವರಿಗೆ ಸ್ವಂತದ್ದಲ್ಲ. ಧಣಿಯದ್ದು. ಕೆಲಸ ಇರಲಿ ಬಿಡಲಿ ವಾರವಾರ ಅದಕ್ಕೆ ಬಾಡಿಗೆ ಕೊಡ್ಬೇಕು, ಕೂಲಿಯಿಂದ್ಲೇ ಹಿಡೀತಿದ್ರು. ನೆಪೋಲಿಯನ್ ಜೊತೆ ಯುದ್ಧ ನಡೀತಾ ಇತ್ತು, ಹೊರಗೆ ಮಾಲು ಹೋಗುದು ನಿಂತಿತ್ತು, ಧಾನ್ಯದ ರೇಟು ಮೇಲೆ, ಕೂಲಿ ಕೆಳಗೆ. ಇದರ ಮೇಲೆ ಕೆಲವು ಧಣಿಗಳು ಅಗಲದ ಫ್ರೇಮಲ್ಲಿ ಬಟ್ಟೆ ಹೆಣೆಸಿ ಅದನ್ನು ಕತ್ತರಿಸಿ ಹೊಲಿದು ಕಾಲುಚೀಲ ಅಂತ ಮಾರ್ಲಿಕ್ಕೆ ಸುರು ಮಾಡಿದ್ರು, ಎರಡು ಸಲ ಹಾಕುವಾಗ ಹೊಲಿಗೆ ಬಿಟ್ಟು ಹೋಗುವ ಮಾಲು, ಅದರಿಂದ ಒಳ್ಳೆ ಕೆಲಸದವನ ಹೆಸರೂ ಹಾಳು. ಸರಿಯಾಗಿ ಕಲಿಯದ ಹುಡುಗರನ್ನು ಕಡಿಮೆಗೆ ಕೂರಿಸುದು ಬೇರೆ.

1811ರ ಮಾರ್ಚಲ್ಲಿ ಆರ್ನಾಲ್ಡ್ ಅನ್ನುವ ಹಳ್ಳಿಯಲ್ಲಿ ಸುರುವಾದದ್ದು ಒಂದು ವರ್ಷದೊಳಗೆ ಸಾವಿರದಷ್ಟು ಫ್ರೇಮ್ ಪುಡಿ ಆಗುವವರೆಗೆ ಹೋಯ್ತು. ಆದ್ರೆ ಸಿಕ್ಕಿದ್ದನ್ನೆಲ್ಲ ಒಡೆದದ್ದಲ್ಲ ಅವರು. ಕೂಲಿ ಇಳಿಸಿದವನದ್ದು, ಆ ಕಚಡ ಮಾಲು ಮಾಡಿಸುವವನದ್ದು ಮಾತ್ರ, ನ್ಯಾಯದ ಕೂಲಿ ಕೊಡುವವನ ಫ್ರೇಮನ್ನು ಮುಟ್ಟದೆ ಬಿಟ್ಟು ಬರ್ತಿದ್ರು. ಮೊದಲು ಒಂದು ಕಾಗದ ಬರ್ತದೆ, ಜನರಲ್ ಲುಡ್, ಶೆರ್ವುಡ್ ಕಾಡು ಅಂತ ಸಹಿ. ಅಂಥ ಮನುಷ್ಯನೇ ಇಲ್ಲ! ಮಿಲಿಟ್ರಿಯವರು ಯಾರನ್ನು ಹಿಡಿಯುದು?

ಯಾರ್ಕ್‌ಶೈರ್ ಕಡೆಯದ್ದು ಬೇರೆ ಕತೆ. ಅಲ್ಲಿ ಉಣ್ಣೆ ಬಟ್ಟೆಯ ಜುಂಗು ಎಬ್ಬಿಸಿ ಕತ್ತರಿಸಿ ನಯ ಮಾಡುವ ಕ್ರಾಪರ್‌ಗಳು ಅಂತ ಇದ್ರು, ಅವರ ಒಂದೊಂದು ಕತ್ತರಿ ಹದಿನೆಂಟು ಕಿಲೋದಷ್ಟು ತೂಕ. ಅವರ ಮಟ್ಟಿಗೆ ಬಂದ ಮಶಿನ್ ನಿಜವಾಗ್ಲೂ ಕೈಯ ಕೆಲಸ ಕಿತ್ಕೊಂಡಿತು. ಆ ಮಶಿನ್ ಮಾಡಿ ಕೊಡ್ತಿದ್ದದ್ದು ಮಾರ್ಸ್‌ಡೆನ್ನಿನ ಏನಕ್ ಟೇಲರ್ ಅನ್ನುವ ಕಮ್ಮಾರ, ಒಡೀಲಿಕ್ಕೆ ಹೋದವರ ಕೈಯಲ್ಲಿದ್ದ ದೊಡ್ಡ ಸುತ್ತಿಗೆಯೂ ಅವನ ಕುಲುಮೆಯದ್ದೇ! ಸುತ್ತಿಗೆಗೂ ಏನಕ್ ಅಂತ್ಲೇ ಹೆಸರಿಟ್ಟು "ಏನಕ್ ಮಾಡಿದ್ದನ್ನು ಏನಕ್ಕೇ ಒಡೀತಾನೆ" ಅಂತ ಹೇಳ್ತಿದ್ರು. ಪಾಪ, ಆ ಕಮ್ಮಾರನಿಗೆ ಎರಡೂ ಕಡೆ ವ್ಯಾಪಾರ.

ಮತ್ತೊಂದು ವಿಷ್ಯ, ಸುತ್ತಿಗೆ ಕೊನೆಗೆ ಬಂದದ್ದು. ಅದಕ್ಕೆ ಮೊದಲು ವರ್ಷಗಟ್ಲೆ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ್ದಾರೆ, ಹಳೇ ಕಾನೂನು ನಮ್ಮ ಪರ ಉಂಟಲ್ಲ ಅಂತ. ಪಾರ್ಲಿಮೆಂಟ್ ಎಂತ ಮಾಡಿತು, 1809ರಲ್ಲಿ ಉಣ್ಣೆ ಕೆಲಸದ ಆ ಹಳೇ ಕಾನೂನುಗಳನ್ನೇ ತೆಗ್ದು ಬಿಟ್ಟಿತು. 1812ರಲ್ಲಿ ಫ್ರೇಮ್ ಒಡೆದ್ರೆ ಗಲ್ಲು ಅಂತ ಕಾಯ್ದೆ, ಅದನ್ನು ವಿರೋಧಿಸಿ ಕವಿ ಬೈರನ್ ಫೆಬ್ರವರಿ 27ಕ್ಕೆ ಲಾರ್ಡ್ಸ್ ಸಭೆಯಲ್ಲಿ ಮಾಡಿದ್ದು ಅವನ ಮೊದಲನೇ ಭಾಷಣ. ಪ್ರಯೋಜನ ಆಗ್ಲಿಲ್ಲ. 12 ಸಾವಿರ ಸೈನಿಕರನ್ನು ತಂದು ಇಳಿಸಿದ್ರು, 1813ರ ಜನವರಿಯಲ್ಲಿ ಯಾರ್ಕಲ್ಲಿ 17 ಜನರನ್ನು ನೇಣಿಗೆ ಹಾಕಿದ್ರು.

ಈಗ ಅಜ್ಜಿ ಹೇಳಿದ್ದನ್ನು ಇನ್ನೊಮ್ಮೆ ಓದಿ. ಅಲ್ಲಿ ಒಡೆದದ್ದು ಧಣಿಯ ಸೊತ್ತು, ಬಾಡಿಗೆಯದ್ದು. ನಿಮ್ಮಜ್ಜನ ಮಗ್ಗ ನಿಮ್ಮಜ್ಜನದ್ದು.

ಗುಂಡಿಮಗ್ಗದ_ಮೊಮ್ಮಗ

ಸರ್, ಇದು ತಲೆಗೇ ಹೋಗಿರ್ಲಿಲ್ಲ. ಆದ್ರೆ ನಮಗೆ ಹೊಡೆತ ಕೊಟ್ಟ ಮಶಿನ್ ಅಜ್ಜನ ಮಗ್ಗ ಅಲ್ಲ ಅಲ್ವಾ, ಮಿಲ್ಲು. ಅದನ್ನು ಯಾಕೆ ಒಡೀಲಿಲ್ಲ?

ರಿಟೈರ್ಡ್_ಮೇಷ್ಟ್ರು_ಉಡುಪಿ

ಎಲ್ಲಿತ್ತು ಅದು? ಲ್ಯಾಂಕಶೈರಲ್ಲಿ. 1813ರಲ್ಲಿ ಬ್ರಿಟನ್ನಲ್ಲಿ ಇದ್ದ ಪವರ್‌ಲೂಮ್ ಸುಮಾರು 2,400, ಇಪ್ಪತ್ತು ವರ್ಷ ಕಳೆದು 1833ಕ್ಕೆ 1 ಲಕ್ಷ. ಅಲ್ಲಿನ ಕೈಮಗ್ಗದವರೇ ಬಿಡ್ಲಿಲ್ಲ, 1826ರ ಏಪ್ರಿಲಲ್ಲಿ ಬ್ಲಾಕ್‌ಬರ್ನ್ ಸುತ್ತಮುತ್ತ ನಾಲ್ಕೇ ದಿನದೊಳಗೆ ಸಾವಿರದಷ್ಟು ಪವರ್‌ಲೂಮ್ ಹುಡಿ ಮಾಡಿದ್ರು. ನಮ್ಮವರಿಗೆ ಮಶಿನ್ ಕಣ್ಣಿಗೇ ಬೀಳಲಿಲ್ಲ, ಬಂದರಿಗೆ ಬಂದು ಇಳಿದದ್ದು ಬಟ್ಟೆಯ ಥಾನು. ಥಾನಿಗೆ ಸುತ್ತಿಗೆಯಲ್ಲಿ ಹೊಡೆದ್ರೆ ಎಂತ ಆಗ್ತದೆ? ಬೆಂಕಿ ಕೊಡ್ಬಹುದು, ಅದನ್ನು ಆಮೇಲೆ 1921ರ ಜುಲೈ 31ಕ್ಕೆ ಗಾಂಧಿ ಬೊಂಬಾಯಿಯ ಪರೇಲಲ್ಲಿ ಮಾಡಿದ್ರು, ಅದು ಬೇರೆ ರಾಜಕೀಯ. ಆ ಗಾಂಧಿಯೇ ಸಿಂಗರ್ ಹೊಲಿಗೆ ಮಶಿನ್ ಮಾತ್ರ ಒಳ್ಳೇದು ಅಂತ ಹೇಳಿದ್ದು ಬೇರೆ ಉಂಟು.

ಇನ್ನೊಂದು, ಕಂಪನಿ ಕಾಲದಲ್ಲಿ ದಕ್ಷಿಣದ ನೇಕಾರರ ಅಸ್ತ್ರ ಒಡೆಯುದಲ್ಲ, ಹೊರಟು ಹೋಗುದು. ದಲ್ಲಾಳಿ ಉಪದ್ರ ಜಾಸ್ತಿ ಆದ್ರೆ ಇಡೀ ಕೇರಿಯೇ ರಾತ್ರೋರಾತ್ರಿ ಸಾಮಾನು ಕಟ್ಕೊಂಡು ಇನ್ನೊಬ್ಬ ಪಾಳೇಗಾರನ ಸೀಮೆಗೆ ಹೋಗಿ ಬಿಡ್ತಿತ್ತು. ಕೆಲಸ ಗೊತ್ತಿದ್ದವನಿಗೆ ಎಲ್ಲಿ ಹೋದ್ರೂ ಅನ್ನ ಇದ್ದ ಕಾಲ. ಆ ಅಸ್ತ್ರ ಮೊಂಡಾದದ್ದು ಎಲ್ಲಾ ಸೀಮೆಗೂ ಒಬ್ಬನೇ ಧಣಿ ಆದಾಗ.

ಬಲ್ಮಠ_ಗುಡ್ಡೆ

ಮೇಷ್ಟ್ರೇ, ನಮ್ಮ ಮಂಗಳೂರಿನದ್ದೇ ಕತೆ ಬಿಟ್ರಿ. 1834ರಲ್ಲಿ ಬಾಸೆಲ್ ಮಿಶನ್ ಬಂತು, ಕ್ರಿಶ್ಚಿಯನ್ ಆದವರಿಗೆ ಹಳೇ ಕಸುಬು ಜಾತಿಯ ಜೊತೆಗೇ ಹೋಯ್ತಲ್ಲ, ಅವರಿಗೆ ಹೊಟ್ಟೆಪಾಡಿಗೆ ಒಂದು ದಾರಿ ಬೇಕು ಅಂತ ನೇಯ್ಗೆ ಸುರು ಮಾಡಿದ್ರು. 1851ರಲ್ಲಿ ಹಾಲರ್ ಅನ್ನುವ ನೇಯ್ಗೆ ಗೊತ್ತಿದ್ದವ ಬಂದ ಮೇಲೆ ಯುರೋಪಿನ ಥರದ ಮಗ್ಗ, ಹಗ್ಗ ಎಳೆದ್ರೆ ಲಾಳಿ ತಾನೇ ಓಡುವ ಫ್ಲೈ ಶಟಲ್ ಎಲ್ಲ ಇಲ್ಲಿ ಚಾಲ್ತಿಗೆ ಬಂತು. ಜಾನ್ ಕೇ 1733ರಲ್ಲಿ ಅದನ್ನು ಮಾಡಿದಾಗ ಇಂಗ್ಲೆಂಡಿನ ನೇಕಾರರು ಅವನ ಮೇಲೆ ಹರಿಹಾಯ್ದಿದ್ರು, ಅಗಲದ ಬಟ್ಟೆಗೆ ಇಬ್ರು ಬೇಕಿದ್ದಲ್ಲಿ ಒಬ್ಬನೇ ಸಾಕಾಯ್ತಲ್ಲ. ಇಲ್ಲಿ ನೋಡಿದ್ರೆ ಅದೇ ಲಾಳಿ ಅನ್ನ ಕೊಡುವ ಲಾಳಿ ಆಯ್ತು. ಹಾಗಾಗಿ ಮಶಿನ್ ಒಳ್ಳೇದಾ ಕೆಟ್ಟದಾ ಅಂತ ಕೇಳುದ್ರಲ್ಲಿ ಅರ್ಥ ಇಲ್ಲ ಮಾರಾಯ್ರೇ, ಯಾರ ಕೈಗೆ ಬಂತು ಅಂತ ಕೇಳ್ಬೇಕು.

ಮತ್ತೆ ಖಾಕಿ ಬಣ್ಣ ಹುಟ್ಟಿದ್ದೂ ನಮ್ಮ ಬಲ್ಮಠದಲ್ಲೇ, ಹೆಮ್ಮೆ ಪಡಿ 😎

ರಿಟೈರ್ಡ್_ಮೇಷ್ಟ್ರು_ಉಡುಪಿ

ಖಾಕಿ ಬಣ್ಣ ಹಾಕುದಕ್ಕೆ ಹಾಲರ್ ಹೆಸರು ಹೇಳ್ತಾರೆ, ಆದ್ರೆ ವಾಯವ್ಯ ಗಡಿಯಲ್ಲಿದ್ದ ಬ್ರಿಟಿಷರ ಗೈಡ್ಸ್ ಪಡೆಯವರು 1840ರ ದಶಕದಲ್ಲೇ ಮಣ್ಣುಬಣ್ಣದ ಬಟ್ಟೆ ಹಾಕ್ತಿದ್ರು. ಆ ಶಬ್ದವೇ ಧೂಳು ಅನ್ನುದರಿಂದ ಬಂದದ್ದು. ಹೆಮ್ಮೆ ಅರ್ಧ ಪಡುವ.

ಗರ್ನಾಲ್

ಎಲ್ಲ ಸರಿ, ಆದ್ರೆ ಒಂದು ಕೇಳ್ತೇನೆ, ಮಿಲ್ಲು ಬರದಿದ್ರೆ ನಾವೆಲ್ಲ ವರ್ಷಕ್ಕೆ ಎರಡೇ ಜೊತೆ ಬಟ್ಟೆಯಲ್ಲಿ ಇರ್ಬೇಕಿತ್ತು. ಕೈಮಗ್ಗ ಕೈಮಗ್ಗ ಅಂತ ಅಳುವವರು ಯಾರೂ ಕೈಮಗ್ಗದ ಚಡ್ಡಿ ಹಾಕುದಿಲ್ಲ.

ಲಾಲ್‌ಬಾಗ್_ಬೇರೆದು

ಗರ್ನಾಲ್ ಹೇಳಿದ್ದು ಪೂರ್ತಿ ತಪ್ಪಲ್ಲ, ಅಗ್ಗದ ಬಟ್ಟೆ ಬಡವನಿಗೂ ಬೇಕಿತ್ತು. ನಾನು ಮಿಲ್ಲಿನ ಒಳಗಿನವರದ್ದು ಸ್ವಲ್ಪ ಹೇಳ್ತೇನೆ. (ಹೆಸರು ನೋಡಿ ಕನ್ಫ್ಯೂಸ್ ಆಗ್ಬೇಡಿ, ನಮ್ಮ ಕಾರ್ಪೊರೇಶನ್ ಹತ್ರದ ಲಾಲ್‌ಬಾಗ್ ಅಲ್ಲ, ಬೊಂಬಾಯಿದು.)

ನಮ್ಮಪ್ಪ ಶಿರ್ವ ಬಿಟ್ಟು ಹೋಗಿ ಲಾಲ್‌ಬಾಗ್‌ನ ಒಂದು ಹೊಟೇಲಲ್ಲಿ ಗಲ್ಲೆಯಲ್ಲಿ ಇದ್ದದ್ದು, ಗಿರಾಕಿಗಳೆಲ್ಲ ಗಿರಣಿಯವರು. ಮಿಲ್ಲಿನವರು ಮಶಿನಿನ ಮೇಲೆ ಜಗಳ ಮಾಡಿದ್ದಾರೆ, ಒಡೆದು ಅಲ್ಲ, ನಿಲ್ಲಿಸಿ. 1928ರಲ್ಲಿ ಬೊಂಬಾಯಿಯಲ್ಲಿ ಲಕ್ಷಕ್ಕಿಂತ ಜಾಸ್ತಿ ಜನ ಏಪ್ರಿಲಿಂದ ಅಕ್ಟೋಬರ್‌ವರೆಗೆ ಆರು ತಿಂಗಳು ಮಿಲ್ಲಿಗೆ ಕಾಲಿಡ್ಲಿಲ್ಲ, ದೊಡ್ಡ ಕಾರಣ ಎಂತ ಅಂದ್ರೆ ಎರಡು ಮಗ್ಗ ನೋಡುವವ ಮೂರು ನೋಡ್ಬೇಕು ಅನ್ನುದು. ಅದಕ್ಕೆ ಧಣಿಗಳು ಇಟ್ಟ ಚಂದದ ಹೆಸರು ರ್‍ಯಾಶನಲೈಸೇಶನ್. ಮೂರು ಮಗ್ಗ ಒಬ್ಬ ನೋಡಿದ್ರೆ ಮೂರನೆಯವನ ಮನೆಯಲ್ಲಿ ಒಲೆ ಹೊತ್ತುದಿಲ್ಲ, ಇದು ನಾಟಿಂಗ್‌ಹ್ಯಾಮಿನ ಲೆಕ್ಕವೇ ಅಲ್ವಾ ಮೇಷ್ಟ್ರೇ?

ಆಮೇಲೆ 1982ರ ಜನವರಿ 18ಕ್ಕೆ ಯೂನಿಯನ್ ಲೀಡರ್ ದತ್ತಾ ಸಾಮಂತರ ಸ್ಟ್ರೈಕ್, ಎರಡೂವರೆ ಲಕ್ಷ ಜನ. ಅದು ಕೂಲಿ, ಬೋನಸ್ಸು, ಮತ್ತೆ ಯಾವ ಯೂನಿಯನ್ನು ನಮ್ಮದು ಅನ್ನುವ ಜಗಳ, ಮಶಿನಿಂದಲ್ಲ. ಆದ್ರೆ ಈ ಕಡೆ ಇವರು ಗೇಟಿನ ಹೊರಗೆ ಕೂತಿರುವಾಗ ಆ ಕಡೆ ಬೊಂಬಾಯಿ ಹತ್ರದ ಭಿವಂಡಿಯ ಪವರ್‌ಲೂಮಲ್ಲಿ ಬಟ್ಟೆ ತಯಾರಾಗ್ತಾ ಇತ್ತು, ಮಾರ್ಕೆಟಲ್ಲಿ ಬಟ್ಟೆಗೆ ಬರ ಬರ್ಲೇ ಇಲ್ಲ, ಅಲ್ಲೇ ಸ್ಟ್ರೈಕಿನ ಸೊಂಟ ಮುರಿದದ್ದು ಅಂತ ಅಪ್ಪ ಹೇಳ್ತಿದ್ರು. ಹೊಟೇಲಿನ ಉದ್ರಿ ಪುಸ್ತಕ ಇತ್ತು, ಕೆಂಪು ರಟ್ಟಿನದ್ದು. ಮೊದಲ ಎರಡು ತಿಂಗಳು ಊಟದ ಲೆಕ್ಕ, ಆಮೇಲೆ ಬರೇ ಉಸಲ್-ಪಾವ್, ಮಳೆಗಾಲ ಬರುವಾಗ ಬರೇ ಕಟಿಂಗ್ ಚಾ. ಒಂದೊಂದಾಗಿ ಹೆಸರು ನಿಲ್ತಾ ಹೋದದ್ದು ಪುಟದಲ್ಲಿ ಕಾಣ್ತದೆ, ಕೊಂಕಣದ ತಮ್ಮ ಹಳ್ಳಿಗೆ ಹೋದವರು ತಿರುಗಿ ಬರ್ಲೇ ಇಲ್ಲ. ಅಪ್ಪ ಆ ಪುಸ್ತಕವನ್ನು ವಸೂಲಿಗೆ ಇಟ್ಕೊಂಡದ್ದಲ್ಲ, ಆದ್ರೆ ಬಿಸಾಡ್ಲಿಕ್ಕೂ ಬಿಡ್ಲಿಲ್ಲ.

ನೂಲಹುಣ್ಣಿಮೆ

ಎಲ್ರೂ ನೇಯುವವರ ಬಗ್ಗೆಯೇ ಹೇಳ್ತಾ ಇದ್ದೀರಿ, ನೂಲುವವರು ಎಲ್ಲಿ ಹೋದ್ರು? ಮಶಿನಿನ ಮೊದಲ ಪೆಟ್ಟು ಬಿದ್ದದ್ದು ಮಗ್ಗಕ್ಕಲ್ಲ, ರಾಟೆಗೆ. ರಾಟೆ ತಿರುಗಿಸ್ತಿದ್ದದ್ದು ಹೆಚ್ಚಾಗಿ ಹೆಂಗಸರು, ಅವರವರ ಮನೆಯಲ್ಲಿ, ಅಡಿಗೆ ಆದ ಮೇಲೆ, ಮಗು ಮಲಗಿದ ಮೇಲೆ. ನಾಟಿಂಗ್‌ಹ್ಯಾಮಿನವರ ಹಾಗೆ ಹೆಂಡದಂಗಡಿಯಲ್ಲಿ ಸೇರಿ ಪ್ಲಾನ್ ಹಾಕ್ಲಿಕ್ಕೆ ಇವರಿಗೆ ಜಾಗ ಎಲ್ಲಿ?

1828ರಲ್ಲಿ ಬಂಗಾಳದ ಸಮಾಚಾರ ದರ್ಪಣ ಪತ್ರಿಕೆಗೆ ನೂಲುವ ಹೆಂಗಸೊಬ್ಬಳ ಕಾಗದ ಬಂದಿತ್ತು. ಇಪ್ಪತ್ತೆರಡಕ್ಕೆ ಗಂಡ ಸತ್ತ, ಮೂರು ಹೆಣ್ಣುಮಕ್ಕಳು, ನೂತು ನೂತೇ ಶ್ರಾದ್ಧ ಮಾಡಿಸಿದೆ, ಮಕ್ಕಳ ಮದುವೆ ಮಾಡಿದೆ, ನೇಕಾರರು ಮನೆಬಾಗಿಲಿಗೆ ಬಂದು ನೂಲು ತಗೊಂಡು ಹೋಗ್ತಿದ್ರು, ಈಗ ಯಾರೂ ಬರುದಿಲ್ಲ, ವಿಲಾಯತಿ ನೂಲು ಅಗ್ಗ ಅಂತೆ, ಆದ್ರೆ ಆ ನೂಲಿನ ಬಟ್ಟೆ ಎರಡು ತಿಂಗಳೂ ಬಾಳುದಿಲ್ಲ ಅಂತ ಬರೆದಿದ್ದಾಳೆ. ಗಮನಿಸಿ, ನೇಕಾರರು ಅವಳ ಪರ ನಿಲ್ಲಲಿಲ್ಲ. ಅವರಿಗೆ ಅಗ್ಗದ ನೂಲು ಲಾಭ, ಅದೇ ನೂಲಲ್ಲಿ ನೇಯ್ದೇ ಮಿಲ್ ಬಟ್ಟೆಯ ಎದುರು ಅಷ್ಟು ವರ್ಷ ತಡ್ಕೊಂಡದ್ದು. ಇವತ್ತಿಗೂ ಉಡುಪಿ ಸೀರೆಗೆ ಹಾಕುವ ನೂಲು ಮಿಲ್ಲಿನದ್ದೇ ಅಲ್ವಾ. ಯಾರು ಯಾರ ಮಶಿನ್ ಒಡೀಬೇಕು ಹೇಳಿ.

ಮಲ್ಪೆ_ಬೋಟ್

ಟಾಪಿಕ್ ಬಟ್ಟೆದು ಅಂತ ಗೊತ್ತುಂಟು, ಆದ್ರೆ "ನಮ್ಮವರು ಗಲಾಟೆ ಮಾಡ್ಲಿಲ್ಲ" ಅನ್ನುದಕ್ಕೆ ನನ್ನ ಅಬ್ಜೆಕ್ಷನ್ ಉಂಟು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟ್ ಬಂದಾಗ ರಂಪಣಿಯವರು ಸುಮ್ಮನೆ ಕೂತಿರ್ಲಿಲ್ಲ. ರಂಪಣಿ ಅಂದ್ರೆ ದಡದಿಂದ ಊರಿಗೆ ಊರೇ ನಿಂತು ಎಳೆಯುವ ಬಲೆ, ಹಗ್ಗ ಹಿಡಿದವನಿಗೆಲ್ಲ ಪಾಲು. ಪರ್ಸೀನ್ ಹೊರಗೇ ಹೋಗಿ ಬಂಗುಡೆ ಬೂತಾಯಿ ಹಿಂಡನ್ನು ಸುತ್ತು ಹಾಕಿ ತರ್ತದೆ, ದಡಕ್ಕೆ ಬರ್ಲಿಕ್ಕೆ ಮೀನೇ ಇಲ್ಲ. ಮೆರವಣಿಗೆ, ಹೊಡೆದಾಟ, ಮಂತ್ರಿಗಳ ಹತ್ರ ಹೋಗುದು ಎಲ್ಲ ಆಯ್ತು. ಆಮೇಲೆ ನಮ್ಮ ದೊಡ್ಡಪ್ಪನವರೇ ಬ್ಯಾಂಕ್ ಸಾಲ ಮಾಡಿ ಪರ್ಸೀನಲ್ಲಿ ಶೇರ್ ಹಾಕಿದ್ರು. ರಂಪಣಿ ಬಲೆ ತುಂಡು ತುಂಡಾಗಿ ಮನೆಯ ತೊಂಡೆ ಚಪ್ಪರಕ್ಕೆ ಹೋಯ್ತು.

ಅಲ್ಲಿ ಯಾಕೆ ಜಗಳ ಆಯ್ತು ಅಂದ್ರೆ ಬೋಟ್ ಕಣ್ಣೆದುರೇ ಇತ್ತು. ಓನರ್ ಯಾರು ಅಂತ್ಲೂ ಗೊತ್ತಿತ್ತು, ಪಕ್ಕದ ಮನೆಯವ!

ಬಲ್ಮಠ_ಗುಡ್ಡೆ

^^ ಪಾಯಿಂಟು.

ಮತ್ತೆ ಈಗಿನ ಕತೆಗೂ ಒಂದು ಮಾತು. ಒಡೆಯುದರ ಬದಲು ಕಾನೂನಲ್ಲಿ ಆದದ್ದೊಂದು ಉಂಟು, 1985ರ ಕೈಮಗ್ಗ ಮೀಸಲಾತಿ ಕಾಯ್ದೆ, ಕೆಲವು ಥರದ ಬಟ್ಟೆ ಪವರ್‌ಲೂಮಲ್ಲಿ ಮಾಡ್ಲಿಕ್ಕೇ ಇಲ್ಲ ಅಂತ. ಪವರ್‌ಲೂಮಿನವರು ಕೋರ್ಟಿಗೆ ಹೋದ್ರು, 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆ ಸರಿ ಉಂಟು ಅಂತ ಹೇಳಿತು. ಆದ್ರೆ ಮೊದಲು 22 ಐಟಂ ಇದ್ದದ್ದು ಈಗ 11. ಸೀರೆ ಇನ್ನೂ ಪಟ್ಟಿಯಲ್ಲಿ ಉಂಟು. ಪಟ್ಟಿಯಲ್ಲಿ ಇದ್ದು ಎಂತ, ಅಂಗಡಿಯಲ್ಲಿ ಕೈಮಗ್ಗದ್ದು ಅಂತ ಹೇಳಿ ಪವರ್‌ಲೂಮಿನದ್ದು ಕಟ್ಟಿ ಕೊಟ್ರೆ ಅಂಚು ತಿರುಗಿಸಿ ನೋಡುವವರು ಎಷ್ಟು ಜನ? ನನ್ನ ಹೆಂಡತಿಯೇ ಹೋದ ವರ್ಷ ಒಂದು ಅಂಗಡಿಯಲ್ಲಿ ಹಾಗೆ ಟೋಪಿ ಹಾಕಿಸ್ಕೊಂಡ್ಲು.

ಗುಂಡಿಮಗ್ಗದ_ಮೊಮ್ಮಗ

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರ್ತದೆ ಅಂತ ಗೊತ್ತಿರ್ಲಿಲ್ಲ. ಮೇಷ್ಟ್ರು ಹೇಳಿದ "ಹೊರಟು ಹೋಗುದು" ಮತ್ತೆ ನೂಲಹುಣ್ಣಿಮೆಯವರು ಹೇಳಿದ್ದು ಎರಡನ್ನೂ ಅಜ್ಜಿಗೆ ಓದಿ ಹೇಳಿದೆ, ಈ ಸಲ ಕರೆಂಟ್ ಇರ್ಲಿಲ್ಲ, ಹಾಗಾಗಿ ಪೂರ್ತಿ ಕೇಳಿದ್ರು.

ನಮ್ಮಲ್ಲಿ ಹೊರಟು ಹೋದದ್ದು ಹೇಗೆ ಅಂದ್ರೆ, ಮೊದಲು ಅಜ್ಜನ ತಮ್ಮ ಬೊಂಬಾಯಿ ಹೊಟೇಲಿಗೆ. ಅಜ್ಜ ಬಿಡ್ಲಿಲ್ಲ. ಮಳೆಗಾಲದಲ್ಲಿ ಹಾಸಿನ ನೂಲಿಗೆ ಬಳಿದ ಗಂಜಿ ಒಣಗುದಿಲ್ಲ, ಅಜ್ಜ ಮಗ್ಗದ ಮೇಲೆಯೇ ಒಂದು ಮೊಳದಷ್ಟಕ್ಕೆ ಗಂಜಿ ಬಳಿದು ಬ್ರಶ್ಶಲ್ಲಿ ಉಜ್ಜಿ, ಒಣಗುವವರೆಗೆ ಕಾದು, ಅಷ್ಟು ನೇಯ್ದು, ಮತ್ತೆ ಇನ್ನೊಂದು ಮೊಳ. ಆಟಿ ತಿಂಗಳಲ್ಲಿ ಗುಂಡಿಗೆ ಒಸರು ಬರ್ತದೆ, ಕಾಲು ನೀರಲ್ಲಿ ಇಟ್ಕೊಂಡೇ ತುಳೀತಿದ್ರಂತೆ. ಆ ಹೊತ್ತಿಗೆ ಬೀಡಿ ಬಂತು. ಬ್ರಾಂಚಿಂದ ಎಲೆ ಹೊಗೆಸೊಪ್ಪು ಕೊಡ್ತಾರೆ, ಬೀಡಿ ಕೊಟ್ರೆ ವಾರಕ್ಕೆ ದುಡ್ಡು. ಅಜ್ಜಿ ಹೇಳಿದ್ದು, "ಸೀರೆ ಮಾರಿ ಹೋಗುವವರೆಗೆ ಕಾಯ್ಬೇಕು, ಬೀಡಿಗೆ ಕಾಯ್ಲಿಕ್ಕಿಲ್ಲ. ನಾನು ನೂಲು ಸುತ್ತುದು ಬಿಟ್ಟೆ. ನೂಲು ಸುತ್ತುವವರು ಇಲ್ಲದೆ ನಿಮ್ಮಜ್ಜ ಎಂತ ನೇಯುದು." ಅಂದ್ರೆ ನಮ್ಮನೆ ಮಗ್ಗ ನಿಲ್ಲಿಸಿದ್ದು ಮಿಲ್ಲಲ್ಲ, ಅಜ್ಜಿ! ಇದನ್ನು ಹೇಳುವಾಗ ಅವರಿಗೆ ಬೇಜಾರಿತ್ತಾ ಇಲ್ವಾ ಗೊತ್ತಾಗ್ಲಿಲ್ಲ, ಮುಖ ಲಾಳಿಯ ಕಡೆಗೇ ಇತ್ತು. ಆಮೇಲೆ ಇದು ಅಜ್ಜನದ್ದಲ್ಲ, ಅಜ್ಜನ ತಮ್ಮನದ್ದು ಅಂದ್ರು, ಎಡಗೈಯವನಂತೆ, ಸವೆದ ಜಾಗ ನೋಡಿ ಗೊತ್ತಾಗ್ತದಂತೆ.

ಉಡುಪಿ ಸೀರೆಗೆ 2016ರಲ್ಲಿ ಜಿಐ ಟ್ಯಾಗ್ (ಈ ಊರಿನದ್ದೇ ಮಾಲು ಅನ್ನುವ ಸರ್ಕಾರಿ ಗುರುತು) ಬಂದ ಮೇಲೆ ತಾಳಿಪಾಡಿ ನೇಕಾರರ ಸೊಸೈಟಿಯಲ್ಲಿ ಮಗ್ಗದ ಶಬ್ದ ಪುನಃ ಉಂಟು ಅಂತ ಕೇಳಿದ್ದೇನೆ. ಈ ಶನಿವಾರ ಅಜ್ಜಿಯನ್ನು ಕರ್ಕೊಂಡು ಹೋಗುವ ಅಂತ. ಬರ್ತೇನೆ ಅಂದಿದ್ದಾರೆ, ಆದ್ರೆ ಸೀರಿಯಲ್ ಸುರುವಾಗುವ ಮೊದಲು ವಾಪಸ್ ಬಿಡ್ಬೇಕಂತೆ.

ಗರ್ನಾಲ್

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಕೈಮಗ್ಗದ ಚಡ್ಡಿ ಸಿಗ್ತದಾ ಅಂತ್ಲೂ ಕೇಳಿ.